ಕೋಟೆ ಆಟದ ಕಾಟು ಹಾಕಿದ ಬಾವಿ

ಇಲಾಖೆಯ ದಾಖಲೆಯ ಪ್ರಕಾರ ನಾನು ಮೂವತ್ತೊಂದು ವರ್ಷ ಗಂಡಸಾಗಿದ್ದೆ. ಹುದ್ದೆಯ ಹೆಸರು ಡ್ರಾಫ್ಟ್ಸ್‌ಮನ್, ಅಂದರೆ ನಕ್ಷೆ ಬರೆಯುವವನು. ಹೆಂಗಸು ಬಂದು ಕುರ್ಚಿಯಲ್ಲಿ ಕೂತರೂ ಹುದ್ದೆ ತನ್ನ ಪಟ್ಟು ಬಿಡಲಿಲ್ಲ. ಸಂಬಳದ ಚೀಟಿಯಲ್ಲಿ 'ಶ್ರೀ ಸುಮಂಗಲಾ ಹಿರೇಮಠ' ಎಂದೇ ಅಚ್ಚಾಗುತ್ತಿತ್ತು. ತಿದ್ದಿರಿ ಎಂದು ಎರಡು ಅರ್ಜಿ ಕೊಟ್ಟೆ. 'ಶ್ರೀ ಸುಮಂಗಲಾ ಅವರ ಅರ್ಜಿ ಪರಿಶೀಲನೆಯಲ್ಲಿದೆ' ಎಂದು ಉತ್ತರ ಬಂದ ಮೇಲೆ ಸುಮ್ಮನಾದೆ.

ಈಗ ಇದನ್ನು ಬರೆಯಲು ಕಾರಣ ಗದಗಿನ ನಮ್ಮ ಓಣಿಯ ಹುಡುಗಿ. ಅವಳಿಗೆ ಅದೇ ಇಲಾಖೆಯಲ್ಲಿ ಕೆಲಸ ಸಿಕ್ಕಿದೆ. "ಆಂಟಿ, ಒಳಗ ಖರೇನ ಹೆಂಗಿರತೈತ್ರಿ?" ಎಂದು ಫೋನಿನಲ್ಲಿ ಕೇಳಿದಳು. ಬಡ್ತಿಯ ಬಗ್ಗೆ ತಿಳಿಯುವ ಆಸೆ ಅವಳಿಗೆ. ನನಗೆ ಬಂದದ್ದು ಒಂದೇ ಬಡ್ತಿ, ಅದು ಬಂದಿದೆ ಎಂದು ನನಗೆ ಗೊತ್ತಾಗಲು ಎಂಟು ತಿಂಗಳು ಹಿಡಿಯಿತು. ಆ ಪುರಾಣ ಅಲ್ಲಿಗೇ ಮುಗಿಯಿತು. ಹೇಳಬೇಕಾದದ್ದು ಒಂದು ಹಳೇ ಕಂಪ್ಯೂಟರ್ ಆಟದ ಬಗ್ಗೆ, ಮತ್ತು ನಾನು ಮಾಡಿದ ಒಂದು ತಪ್ಪಿನ ಬಗ್ಗೆ.

ನಮ್ಮದು ನೆಲದೊಳಗಿನ ನೀರನ್ನು ಅಳೆಯುವ ಕಚೇರಿ. ಹೆಸರು ಬರೆಯುವುದಿಲ್ಲ, ಪಿಂಚಣಿ ಇನ್ನೂ ಬರುತ್ತಿದೆ. ಒಂದು ಶಾಖೆ ನಾಶಿಕದಲ್ಲಿ, ಇನ್ನೊಂದು ಔರಂಗಾಬಾದಿನಲ್ಲಿ. ಆ ಊರಿಗೆ ಈಗ ಛತ್ರಪತಿ ಸಂಭಾಜಿನಗರ ಎಂದು ಹೆಸರು. ನನ್ನ ಕಾಲದ ಕಾಗದಗಳಲ್ಲಿ ಇದ್ದಂತೆ ಇಲ್ಲಿ ಬರೆಯುತ್ತೇನೆ. ವರ್ಷಕ್ಕೆ ನಾಲ್ಕು ಸುತ್ತು ಗೊತ್ತುಪಡಿಸಿದ ಬಾವಿಗಳಿಗೆ ಹೋಗಬೇಕು. ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಒಳಗೆ ಬಿಡಬೇಕು. ಮೇಲೆಳೆದಾಗ ಸುಣ್ಣ ಎಲ್ಲಿಯವರೆಗೆ ತೊಯ್ದಿದೆಯೋ ಅಲ್ಲಿಯವರೆಗೆ ನೀರು. ಇಷ್ಟು ಸಣ್ಣ ಕೆಲಸಕ್ಕೆ ಎಂಟು ಕಾಲಮ್ಮಿನ ನಮೂನೆ, ಮೂರು ಸಹಿ.

ಪ್ರತಿ ಬಾವಿಯ ಕಟ್ಟೆಯ ಮೇಲೂ ಹಳದಿ ಬಣ್ಣದಲ್ಲಿ ನಂಬರು ಬರೆದಿರುತ್ತದೆ. ನಂಬರು ಇದ್ದರೆ ಅದು ಸರ್ಕಾರದ ಲೆಕ್ಕದ ಬಾವಿ, ಜಮೀನಿನ ಮಾಲೀಕನೂ ಅದನ್ನು ಮುಟ್ಟುವಂತಿಲ್ಲ. ನಕ್ಷೆಯಲ್ಲಿ ಅಂಥ ಬಾವಿಗೆ ನಾನು ಒಂದು ಸೊನ್ನೆ ಬರೆಯುತ್ತಿದ್ದೆ. ಸತತ ಮೂರು ಸುತ್ತು 'ತಲುಪಲಾಗಲಿಲ್ಲ' ಎಂಬ ಷರಾ ಬಂದರೆ ಬಾವಿ ರದ್ದು. ಆಗ ಸೊನ್ನೆಯ ಮೇಲೆ ಅಡ್ಡಗೆರೆ ಎಳೆದು ಒಂದು ಕಾಟು. ಬಾವಿ ಬತ್ತಿದರೂ ಕಾಟು, ಕುಸಿದರೂ ಕಾಟು, ನಮ್ಮವರಿಗೆ ಅಲ್ಲಿಗೆ ಹೋಗಲು ಬೇಸರವಾದರೂ ಅದೇ ಕಾಟು.

ಷರಾ ಬರೆಯುವವನು ಪಗಾರೆ, ನಮ್ಮ ಫೀಲ್ಡಿನ ಮನುಷ್ಯ. ಸಿನ್ನರ್ ಕಡೆಯವನು, ಒಳ್ಳೆಯವನು, ಚಹಾ ಕಂಡರೆ ಮಾತ್ರ ಕಾಲು ಮುಂದೆ ಹೋಗುತ್ತಿರಲಿಲ್ಲ. ಅವನ ಹಾಳೆಗಳನ್ನು ನೋಡಿದರೆ ಗೊತ್ತಾಗುತ್ತಿತ್ತು: ಕೆಲವು ಸುತ್ತಿನ ಷರಾಗಳು ಒಂದೇ ಪೆನ್ನಿನಲ್ಲಿ, ಒಂದೇ ಉಸಿರಿನಲ್ಲಿ, ಹಿಂದಿನ ಸುತ್ತಿನದನ್ನು ಮುಂದಿಟ್ಟುಕೊಂಡು ಬರೆದವು. ನನಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಕಾಟು ಹಾಕಿದಷ್ಟೂ ಮುಂದಿನ ನಕ್ಷೆಯಲ್ಲಿ ನನಗೆ ಕೆಲಸ ಕಡಿಮೆ.

ನಾನೇನು ಭಾರೀ ಶುದ್ಧಿಯ ಕೆಲಸಗಾರ್ತಿಯೂ ಆಗಿರಲಿಲ್ಲ. ಸೇರಿದ ಹೊಸದರಲ್ಲಿ ಟ್ರೇಸಿಂಗ್ ಹಾಳೆಯನ್ನು ತಿರುವಿಹಾಕಿ ಗೋದಾವರಿಯನ್ನು ಬರೆದೆ. ನದಿ ಔರಂಗಾಬಾದಿನ ಕಡೆಯಿಂದ ಹರಿದು ತ್ರ್ಯಂಬಕೇಶ್ವರದ ಬೆಟ್ಟ ಹತ್ತಿತು. ನಾಲ್ಕು ಜನ ಅಧಿಕಾರಿಗಳು ಅದಕ್ಕೆ ಸಹಿ ಹಾಕಿದರು. ತಪ್ಪು ಕಂಡುಹಿಡಿದದ್ದು ಆ ನಕ್ಷೆಯ ಪ್ರತಿಯಲ್ಲಿ ಊಟದ ಡಬ್ಬಿ ಸುತ್ತಿಕೊಳ್ಳುತ್ತಿದ್ದ ಕ್ಯಾಂಟೀನಿನ ಹೆಂಗಸು. ನಮ್ಮ ವಿದ್ಯೆಯಲ್ಲಿ ಒಂದು ಅನುಕೂಲವಿತ್ತು: ಶಾಯಿಯಲ್ಲಿ ಆದ ತಪ್ಪನ್ನು ಅರ್ಧ ಬ್ಲೇಡಿನಿಂದ ಮೆಲ್ಲಗೆ ಕೆರೆದು ತೆಗೆಯಬಹುದು. ಆದರೆ ಸಹಿಯಾದ ಹಾಳೆಗೆ ಬ್ಲೇಡು ತಾಗಿಸುವ ಹಾಗಿಲ್ಲ. ಹಾಗಾಗಿ ಆ ವರ್ಷವಿಡೀ ನದಿ ಬೆಟ್ಟ ಹತ್ತುತ್ತಲೇ ಇತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮಲ್ಲಿಗೆ ಕಂಪ್ಯೂಟರ್ ಬಂತು. ಹೊಸದಲ್ಲ. ಔರಂಗಾಬಾದಿನವರಿಗೆ ಹೊಸದು ಸಿಕ್ಕಿತ್ತು, ಅವರ ಹಳೆಯದನ್ನು ನಮಗೆ ದಾಟಿಸಿದರು. ಆಗಲೇ ಮುದಿಯಾದ ಯಂತ್ರ, ಕಪ್ಪು ಪರದೆ, ಹಸಿರು ಅಕ್ಷರ. ನಾವು ಅದಕ್ಕೊಂದು ಕೋಣೆ ಕೊಟ್ಟು, ಪರದೆ ಕಟ್ಟಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದೆವು. ದಸರೆಗೆ ಕುಂಕುಮ ಹಚ್ಚಿ ಚೆಂಡುಹೂ ಏರಿಸಿದರು. ಎಸಳು ಕೀಲಿಮಣೆಯೊಳಗೆ ಸೇರಿ ಒಂದು ತಿಂಗಳು 'ಎನ್' ಅಕ್ಷರ ಒತ್ತಲು ಬರಲಿಲ್ಲ.

ಯಂತ್ರದ ಜೊತೆ ಹಸ್ತಾಂತರದ ಪಟ್ಟಿ ಬಂದಿತ್ತು. ಪರದೆ ಒಂದು, ಕೀಲಿಮಣೆ ಒಂದು, ಧೂಳು ಹೊದಿಕೆ ಒಂದು. ಕೊನೆಯ ಸಾಲು ನೋಡಿ ನನಗೆ ನಂಬಿಕೆಯಾಗಲಿಲ್ಲ: 'ಆಟ, ಒಂದು, ಅಪೂರ್ಣ.' ಕೆಳಗೆ ಸಹಿ ಔರಂಗಾಬಾದಿನ ಡ್ರಾಫ್ಟ್ಸ್‌ಮನ್ ಕುಲಕರ್ಣಿಯವರದು. ಇಂಡಿ ತಾಲೂಕಿನವರು, ಅಲ್ಲಿಗೆ ಹೋಗಿ ಇಪ್ಪತ್ತು ವರ್ಷವಾಗಿತ್ತು. ಫೋನ್ ಹಚ್ಚಿ ಆ ದಿನವೇ ಕೇಳಿದೆ.

"ಇದೇನ್ರಿ ಆಟ?"

"ಕೋಟಿ ಆಟರೀ ಮೇಡಂ. ನನಗ ಈ ಯಂತ್ರದ ಚಾರ್ಜ್ ಕೊಟ್ಟವರು ಆಟಾನೂ ಕೊಟ್ಟು ಹ್ವಾದ್ರು, ಅವರಿಗೆ ಅವರ ಹಿಂದಿನವರು ಕೊಟ್ಟಿದ್ರು. ಮೂರು ಜನದ ಕಡೆ ಮುಗದಿಲ್ಲ. ಈಗ ನಿಮ್ಮ ಪಾಳಿ ಅದ. ಟಿಪ್ಪಣಿ ವಹಿ ಡ್ರಾವರಿನಾಗ ಇಟ್ಟೇನಿ, ಅದರ ಪ್ರಕಾರ ನಡೀರಿ."

ಆ ಆಟ ಮಾಡಿದವರು ಯಾರೋ, ಯಾವ ಊರಿನವರೋ, ಎಲ್ಲೂ ಹೆಸರಿರಲಿಲ್ಲ. ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಆಮೇಲೂ ಅದರ ಸುದ್ದಿ ಎತ್ತಿದವರನ್ನು ನಾನು ಕಂಡಿಲ್ಲ. ಹಸಿರು ಗೆರೆಗಳಲ್ಲಿ ಒಂದು ಕೋಣೆಯ ಚಿತ್ರ, ಕೆಳಗೆ ಎರಡು ಸಾಲು ಇಂಗ್ಲಿಷ್. ನಾವು ಎರಡು ಪದದಲ್ಲಿ ಅಪ್ಪಣೆ ಕೊಡಬೇಕು: ಉತ್ತರಕ್ಕೆ ಹೋಗು, ದೀಪ ಹಚ್ಚು, ಬಾಗಿಲು ತೆರೆ. ಹಾಗೆ ಕೋಣೆಯಿಂದ ಕೋಣೆಗೆ ಹೋಗುತ್ತ ಕೋಟೆಯಲ್ಲಿ ಕಳೆದುಹೋದ ರಾಣಿಯ ಮೊಹರನ್ನು ಹುಡುಕಬೇಕು. ನಡುವೆ ಒಂದು ಕತ್ತಲೆಯ ಸುರಂಗ. ದೌಲತಾಬಾದಿನ ಕೋಟೆಯನ್ನು ನೋಡಿದವನೇ ಅದನ್ನು ಬರೆದಿರಬೇಕು ಎಂದು ಕುಲಕರ್ಣಿಯವರ ವಾದ.

ಟಿಪ್ಪಣಿ ವಹಿಯಲ್ಲಿ ಮೂರು ಜನರ ಕೈಬರಹವಿತ್ತು. ಮೊದಲ ಪುಟದಲ್ಲಿ ಹೀಗಿತ್ತು: 'ಕೋಟೆ ಬಾಗಿಲಲ್ಲಿ ಮುದುಕಿ ಕೂತಿರುತ್ತಾಳೆ. ಬಾಯಾರಿದೆ ಎನ್ನುತ್ತಾಳೆ. ಉಪಯೋಗವಿಲ್ಲ. ಮಾತಾಡಿಸಬೇಡಿ.' ಎರಡನೆಯ ಪುಟದಲ್ಲಿ: 'ಅಂಗಳದಲ್ಲಿ ಬಾವಿ. ಮೇಲೆ ಚಪ್ಪಡಿ ಕಲ್ಲು. ಆಗುವುದಿಲ್ಲ.' ಮುಂದಿನ ಇಬ್ಬರೂ ಅದೇ ಮಾತನ್ನು ತಮ್ಮ ಅಕ್ಷರದಲ್ಲಿ ಇಳಿಸಿಕೊಂಡಿದ್ದರು. ನಾನು ನಾಲ್ಕನೆಯವಳು.

ನನಗೆ ಆಟ ಬರುತ್ತಿರಲಿಲ್ಲ, ನಕ್ಷೆ ಬರುತ್ತಿತ್ತು. ಊಟದ ಬಿಡುವಿನಲ್ಲಿ ಆಡುತ್ತ ಕೋಟೆಯನ್ನು ಅಳತೆ ಪ್ರಕಾರ ಟ್ರೇಸಿಂಗ್ ಹಾಳೆಗೆ ಇಳಿಸಿದೆ. ಅರವತ್ತೆರಡು ಕೋಣೆ, ಉತ್ತರದ ಬಾಣ, ಸೂಚಿ ಎಲ್ಲ ಸಮೇತ. ಅಂಗಳದ ಬಾವಿಗೆ ಒಂದು ಸೊನ್ನೆ ಬರೆದು ಮೇಲೆ ಕಾಟು ಹಾಕಿದೆ. ಬಾಗಿಲ ಮುದುಕಿಯ ಪಕ್ಕದಲ್ಲಿ ಸ್ಟೆನ್ಸಿಲ್ ಇಟ್ಟು ಚೆಂದವಾಗಿ 'ಉಪಯೋಗವಿಲ್ಲ' ಎಂದು ಬರೆದೆ. ನನ್ನ ಅಕ್ಷರ ಬಿದ್ದ ಮೇಲೆ ಆ ಮಾತಿಗೆ ಒಂದು ಘನತೆ ಬಂತು. ಕುಲಕರ್ಣಿಯವರಿಗೆ ಪ್ರತಿ ಕಳಿಸಿದರೆ ಅವರು ಅದನ್ನು ಲ್ಯಾಮಿನೇಟ್ ಮಾಡಿಸಿದರು. ಎರಡು ಶಾಖೆಗಳ ನಡುವೆ ನನ್ನ ಸೇವಾವಧಿಯಲ್ಲಿ ನಡೆದ ನಿಜವಾದ ಸಹಕಾರ ಇದೊಂದೇ.

ಆಮೇಲೆ ಮಿಶ್ರಾ ಸಾಹೇಬರು ಬಂದರು. ಲಖನೌ ಕಡೆಯವರು, ಗಂಟುಮುಖ, ಶಿಸ್ತಿನ ಹುಚ್ಚು. ಬಂದ ವಾರವೇ ಸುತ್ತೋಲೆ ಹೊರಡಿಸಿದರು: ಕಚೇರಿಯ ಯಂತ್ರದಲ್ಲಿ ಆಟಗಳು ಕಂಡುಬಂದರೆ ಕ್ರಮ ಕೈಗೊಳ್ಳಲಾಗುವುದು. ನಾನು ಹೋಗಿ ಹಸ್ತಾಂತರದ ಪಟ್ಟಿ ತೋರಿಸಿದೆ. ಪಟ್ಟಿಯಲ್ಲಿ ಇರುವ ವಸ್ತುವನ್ನು ತೆಗೆದುಹಾಕಬೇಕಾದರೆ ರದ್ದತಿ ಸಮಿತಿ ಕೂರಬೇಕು, ಸಮಿತಿಗೆ ಮೂವರು ಸದಸ್ಯರು ಬೇಕು. ಅವರು ಪಟ್ಟಿಯನ್ನು ಎರಡು ಸಲ ಓದಿದರು. "ದೇಖನಾ ಪಡೇಗಾ," ಅಂದರು. ಏನೆಂದು ನೋಡಲು ಆ ಸಂಜೆ ಕೂತವರು ಮುಂದೆ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರತೊಡಗಿದರು. ಸಾಹೇಬರ ಸಮಯಪಾಲನೆಯನ್ನು ಮೇಲಿನವರು ಮೆಚ್ಚಿ ಪತ್ರ ಬರೆದರು.

ಅವರು ಸುರಂಗದಲ್ಲಿ ಸಿಕ್ಕಿಹಾಕಿಕೊಂಡರು. ದೀಪ ಹಿಡಿದು ಒಳಗೆ ಹೋದರೆ ಬಾವಲಿಗಳು ಬಂದು ಮುತ್ತಿ ಆಟ ಮುಗಿಯುತ್ತದೆ. ತಿಂಗಳುಗಟ್ಟಲೆ ಸತ್ತರು. ನನ್ನನ್ನು ನೇರವಾಗಿ ಕೇಳಲು ಸುತ್ತೋಲೆ ಅಡ್ಡ ಬರುತ್ತಿತ್ತು. "ಹಿರೇಮಠ್, ಬಾವಲಿಗಳು ಬೆಳಕಿಗೆ ಬರುತ್ತವೆಯೋ ಕತ್ತಲೆಗೋ?" ಎಂದು ಸಾಮಾನ್ಯ ಜ್ಞಾನ ಕೇಳುವವರ ಹಾಗೆ ಹಿಂದಿಯಲ್ಲಿ ಕೇಳುತ್ತಿದ್ದರು. ನಾನು ಪುಸ್ತಕ ನೋಡಿ ಹೇಳುತ್ತೇನೆ ಎನ್ನುತ್ತಿದ್ದೆ.

ಇಷ್ಟರಲ್ಲಿ ಕೆಲಸದ ರೀತಿ ಬದಲಾಯಿತು. ಹೊಸ ಯಂತ್ರಗಳು ಬಂದು ನಕ್ಷೆಗಳೆಲ್ಲ ಅದರೊಳಗೆ ಹೋದವು. ಕಾಟು ಹಾಕಲು ಶಾಯಿ ಬೇಡ, ಒಂದು ಗುಂಡಿ ಒತ್ತಿದರೆ ಸಾಕು. ಮುದಿ ಯಂತ್ರವನ್ನು ಗುಜರಿಗೆ ಹಾಕಲು ಸಮಿತಿ ಕೂತೇಬಿಟ್ಟಿತು. ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ ಗುಜರಿಯವನು ಒಯ್ಯುವುದು ಎಂದಾಯಿತು.

ಅದರ ಹಿಂದಿನ ದಿನ, ಗುರುವಾರ, ನನ್ನ ಮೇಜಿನ ಎದುರಿಗೆ ಒಬ್ಬ ಹೆಂಗಸು ಬಂದು ನಿಂತಳು. ಐವತ್ತರ ಆಸುಪಾಸು, ಇಳಕಲ್ ಸೀರೆ, ಸೆರಗಿಗೆ ಸಿಮೆಂಟಿನ ಧೂಳು. ಹಣೆಯ ಬೆವರು ಒರೆಸಿಕೊಳ್ಳುತ್ತ ಕೇಳಿದಳು.

"ನೀವ ಏನ್ರಿ ಕನ್ನಡದ ಅಕ್ಕಾರ? ಗೇಟಿನಾಗಿನ ವಾಚಮನ್ ಹೇಳಿದಾ."

"ಹೌದು, ಏನಾಗಬೇಕಿತ್ತು?"

"ನಾ ಶಾಂತವ್ವರೀ, ಬಿಜಾಪುರ ಕಡ್ಯಾಕಿ. ಕಟ್ಟಡದ ಕೆಲಸಕ್ಕ ಬಂದೇವಿ. ನಮ್ಮ ಬಾವಿಗೆ ನೀವು ಕಾಟು ಹಾಕೀರಂತ?"

ನಿಫಾಡ್ ರಸ್ತೆಗೆ ಹಿಂದೆ ಒಂದು ದ್ರಾಕ್ಷಿ ತೋಟವಿತ್ತು. ಅದನ್ನು ಒಬ್ಬ ಬಿಲ್ಡರ್ ಕೊಂಡು ಅಪಾರ್ಟ್‌ಮೆಂಟ್ ಏಳಿಸುತ್ತಿದ್ದ. ಶಾಂತವ್ವನ ಜೊತೆ ಹದಿನೈದು ಮನೆಯ ಜನ ಅಲ್ಲೇ ತಗಡಿನ ಶೆಡ್ ಹಾಕಿಕೊಂಡಿದ್ದರು. ಕುಡಿಯಲು, ಬೇಯಿಸಲು, ಕೂಸುಗಳನ್ನು ತೊಳೆಯಲು ಇದ್ದದ್ದು ತೋಟದ ಹಳೇ ಬಾವಿಯೊಂದೇ. ಕಟ್ಟೆಯ ಮೇಲೆ ನಮ್ಮ ಹಳದಿ ನಂಬರು, ನಲವತ್ತೇಳು. ಆ ಜಾಗದಲ್ಲಿ ಬಿಲ್ಡರನಿಗೆ ಪಾರ್ಕಿಂಗ್ ಬೇಕು. ಸರ್ಕಾರಿ ಬಾವಿ ಎಂದು ಇಷ್ಟು ದಿನ ಹೆದರಿದ್ದವನು ನಮ್ಮ ಕಚೇರಿಯ ಹೊಸ ನಕ್ಷೆಯ ಪ್ರತಿ ಕೊಂಡು ಒಯ್ದು ಇವರ ಮುಂದೆ ಹಿಡಿದಿದ್ದ: ನೋಡಿ, ಸರ್ಕಾರವೇ ಇಲ್ಲಿ ಬಾವಿ ಇಲ್ಲ ಅನ್ನುತ್ತಿದೆ.

ನಾನು ರಿಜಿಸ್ಟರ್ ತೆಗೆದೆ. ನಲವತ್ತೇಳು: ತಲುಪಲಾಗಲಿಲ್ಲ, ತಲುಪಲಾಗಲಿಲ್ಲ, ತಲುಪಲಾಗಲಿಲ್ಲ. ರದ್ದು.

"ಅದು ರದ್ದಾಗೈತಿ ನೋಡವಾ. ಅಲ್ಲಿ ಈಗ ಬಾವಿ ಇಲ್ಲ," ಎಂದೆ.

"ಇಲ್ಲ ಅಂದ್ರ ಹೆಂಗ್ರಿ ಅಕ್ಕಾರ? ಮುಂಜಾನೆ ಅದರ ನೀರಾಗ ಹಿಟ್ಟ ಕಲಸಿ ರೊಟ್ಟಿ ಬಡದ ಬಂದೇನಿ."

"ರೆಕಾರ್ಡಿನಾಗ ಇಲ್ಲ. ಒಂದು ಅರ್ಜಿ ಬರಸ್ಕೊಂಡು ಬಾ, ಸಾಹೇಬರಿಗೆ ಕಳಸ್ತೇನಿ."

"ಎಷ್ಟ ದಿನಾ ಹಿಡಿತೈತ್ರಿ?"

"ಒಂದೆರಡು ತಿಂಗಳು."

"ಸೋಮವಾರ ಮಣ್ಣಿನ ಟ್ರಕ್ ಬರತಾವ್ರಿ," ಎಂದಳು. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಹ್ವಾಗ್ಲಿ, ಒಂದೀಟು ಕುಡಿಯಾಕ ನೀರರೆ ಕೊಡ್ರಿ. ಬಿಸಲಾಗ ನಡಕೊಂಡ ಬಂದೇನಿ," ಎಂದಳು.

ನನ್ನ ಮೇಜಿನ ಮೇಲೆ ತುಂಬಿದ ಬಾಟಲಿ ಇತ್ತು. ನಾನು ರಿಜಿಸ್ಟರ್ ಮುಚ್ಚುತ್ತ, "ಹೊರಗ ನಳ ಐತಿ," ಎಂದೆ. ಆ ನಳದಲ್ಲಿ ಏಳೆಂಟು ದಿನದಿಂದ ನೀರು ಬರುತ್ತಿರಲಿಲ್ಲ. ನೆಲದ ನೀರಿನ ಲೆಕ್ಕ ಇಡುವ ನಮ್ಮ ಕಚೇರಿಗೆ ಟ್ಯಾಂಕರ್ ಬರುತ್ತಿತ್ತು. ಅದು ನನಗೆ ನೆನಪಾಗುವಷ್ಟರಲ್ಲಿ ಅವಳು ಗೇಟು ದಾಟಿದ್ದಳು. ಕರೆಯಬಹುದಿತ್ತು, ಕರೆಯಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಕೊನೆಯ ಸಲ ಕೋಟೆಗೆ ಕೂತೆ. ನಾಲ್ಕು ಗಂಟೆಗೆ ಯಂತ್ರ ಹೋಗುತ್ತದೆ, ಏಳೆಂಟು ವರ್ಷ ಆಡಿದರೂ ಮೊಹರು ಸಿಕ್ಕಿಲ್ಲ. ಅರವತ್ತೆರಡು ಕೋಣೆಯಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಅಂಗಳಕ್ಕೆ ಬಂದು ಸುಮ್ಮನೆ ಕೂತಾಗ ಪರದೆಯ ಮೇಲೆ ಬಾವಿ ಕಾಣುತ್ತಿತ್ತು, ಮೇಲೆ ಚಪ್ಪಡಿ. ಹೇಗೂ ಕೊನೆಯ ದಿನ ಎಂದುಕೊಂಡು ಟೈಪ್ ಮಾಡಿದೆ: ಕಲ್ಲು ಸರಿಸು.

ಯಂತ್ರ ಒಂದು ಕ್ಷಣ ಗುರುಗುಟ್ಟಿತು. 'ಕಲ್ಲು ಸರಿಯುತ್ತದೆ. ಮೆಟ್ಟಿಲುಗಳು ಕೆಳಗೆ ಹೋಗುತ್ತವೆ' ಎಂದು ಬಂತು.

ನನಗೆ ಮೊದಲು ಬಂದದ್ದು ಸಿಟ್ಟು. ಫೋನ್ ಎತ್ತಿ ಔರಂಗಾಬಾದಿಗೆ ಹಚ್ಚಿದೆ.

"ಕುಲಕರ್ಣಿಯವರ, ಬಾವಿ ಮ್ಯಾಲಿನ ಕಲ್ಲು ಸರೀತೈತ್ರಿ! ಆಗೂದಿಲ್ಲ ಅಂತ ಬರದೀರಲ್ಲ, ನೀವು ಖುದ್ದು ಸರಿಸಿ ನೋಡಿದ್ರೇನು?"

"ನಾ ಯಾಕ ನೋಡ್ಲಿ ಮೇಡಂ? ಹಿಂದಿನವರು ಬರದಿದ್ರಲ್ಲ. ಅದನ್ನ ನೋಡಿ ಬರಕೊಂಡೆ."

"ಹಿಂದಿನವರು ನೋಡಿದ್ರೇನು?"

"ಅವರು ಅವರ ಹಿಂದಿನವರದು ನೋಡಿ ಬರದಿರಬೇಕು. ನೀವೂ ಅದನ್ನ ಮಾಡೀರಲ್ಲ? ಏನ್ ಛಂದ ಕಾಟು ಹಾಕೀರಿ, ನನ್ನ ಗ್ವಾಡಿ ಮ್ಯಾಲೆ ಅದ."

ಫೋನ್ ಇಟ್ಟೆ. ನಲವತ್ತೇಳರ ಆ ಮೂರು ಸಾಲು ಕಣ್ಣ ಮುಂದೆ ಬಂದವು. ಅದನ್ನೂ ಯಾರೂ ಹೋಗಿ ನೋಡಿರಲಿಲ್ಲ, ಅದಕ್ಕೂ ಕಾಟು ಹಾಕಿದ ಕೈ ಇದೇ. ಕೆಳಗೆ ಮೆಟ್ಟಿಲು ಕಾಯುತ್ತಿತ್ತು, ನಾಲ್ಕು ಗಂಟೆಗೆ ಇನ್ನೂ ಎರಡೂವರೆ ತಾಸಿತ್ತು. ಇಳಿದಿದ್ದರೆ ಮುಗಿದುಹೋಗುತ್ತಿತ್ತೇನೋ. ಎದ್ದು ಸಾಹೇಬರ ಕೋಣೆಗೆ ಹೋದೆ.

"ಸರ್, ನಿಫಾಡ್ ರಸ್ತೆಗೆ ಹೋಗಬೇಕು. ಜೀಪು ಬೇಕು."

ಡ್ರಾಫ್ಟ್ಸ್‌ಮನ್ ಫೀಲ್ಡಿಗೆ ಹೋಗುವ ಪದ್ಧತಿಯಿಲ್ಲ, ಪ್ರವಾಸದ ಕಾರ್ಯಕ್ರಮಕ್ಕೆ ಹದಿನೈದು ದಿನ ಮುಂಚೆ ಮಂಜೂರಾತಿ ಪಡೆಯಬೇಕು ಎಂದರು. ಗಡಿಯಾರದ ಕಡೆ ಅವರ ಕಣ್ಣು ಹೋಗುತ್ತಿತ್ತು. ನಾಲ್ಕು ಗಂಟೆಯೊಳಗೆ ಅವರಿಗೂ ಕೊನೆಯ ಆಟ ಬೇಕು ಎಂದು ನನಗೆ ಅರ್ಥವಾಯಿತು.

"ಸರ್, ಸುರಂಗದಲ್ಲಿ ದೀಪ ಆರಿಸಿಬಿಡಿ. ಕತ್ತಲೆಯಲ್ಲಿ ಮೂರು ಸಲ ನೇರ ನಡೆಯಿರಿ. ಬಾವಲಿ ಬರುವುದಿಲ್ಲ. ಕುರ್ಚಿ ಖಾಲಿ ಇದೆ," ಎಂದೆ.

ಮಿಶ್ರಾ ಸಾಹೇಬರು ನನ್ನ ಮುಖ ನೋಡಲಿಲ್ಲ. ಜೀಪಿನ ಚೀಟಿಗೆ ಸಹಿ ಹಾಕಿ, "ಜಲ್ದಿ ಜಾಯಿಯೇ," ಎಂದು ನನಗಿಂತ ಮೊದಲು ಬಾಗಿಲು ದಾಟಿದರು.

ಟೇಪಿನ ಚೀಲ ಹಿಡಿದು ಪಗಾರೆಯೂ ಜೀಪು ಹತ್ತಿದ. ಜೀಪು ತಿರುವಿನಲ್ಲಿ ನಿಂತಾಗ, "ಮ್ಯಾಡಮ್, ಆಲೋ ನವ್ಹತೋ ಮೀ," ಎಂದ, ತಾನು ಬಂದೇ ಇರಲಿಲ್ಲ ಎಂದು. ಮೊದಲ ಸಲ ತೋಟದ ಗೇಟಿಗೆ ಬೀಗ ಇತ್ತಂತೆ, ಎದುರಿಗೆ ಚಹಾದ ಅಂಗಡಿ ಇತ್ತಂತೆ. ಮುಂದಿನ ಎರಡು ಸಲ ಅಂಗಡಿಯವರೆಗೆ ಮಾತ್ರ ಬಂದಿದ್ದ. "ನನಗೆ ಗೊತ್ತಿತ್ತು," ಎಂದೆ. ಅದನ್ನು ಬಾಯಿಬಿಟ್ಟು ಹೇಳಿದಾಗ ನಮ್ಮಿಬ್ಬರಲ್ಲಿ ಯಾರ ತಪ್ಪು ದೊಡ್ಡದು ಎಂದು ಅವನಿಗೂ ತಿಳಿಯಿತು, ನನಗೂ ತಿಳಿಯಿತು.

ಬಾವಿಯ ಹತ್ತಿರ ಶಾಂತವ್ವ ಕೊಡ ತುಂಬುತ್ತಿದ್ದಳು. ನಾನು ಟೇಪು ತೆಗೆದು ಸುಣ್ಣ ಬಳಿಯಲು ಹೋದರೆ ಕೈ ಹಿಡಿದಳು.

"ಮೊದ್ಲ ನೀರ ಕುಡೀರಿ ಅಕ್ಕಾರ. ಆಮ್ಯಾಲೆ ಅಳೀರಿ," ಎಂದು ತಂಬಿಗೆ ಕೊಟ್ಟಳು, ಜೊತೆಗೆ ಒಂದು ಚೂರು ಬೆಲ್ಲ.

ನಾನು ಕುಡಿದೆ. ಅವಳು ನಿನ್ನೆಯ ಮಾತು ಎತ್ತಲಿಲ್ಲ. ಎತ್ತಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಟೇಪು ಇಳಿಸಿದೆವು. ಕಟ್ಟೆಯಿಂದ ಆರು ಮೀಟರಿಗೆಲ್ಲ ನೀರು. ಹದಿನೈದು ಮನೆಯ ಹೆಂಗಸರು ಸುತ್ತ ನಿಂತು ತೊಯ್ದ ಸುಣ್ಣವನ್ನು ನೋಡಿದರು. ನಾನು ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದಿಸಿ ಕೇಳಿದರು.

ಕಚೇರಿಗೆ ಮರಳುವಷ್ಟರಲ್ಲಿ ಮೇಜು ಖಾಲಿಯಾಗಿತ್ತು. ಧೂಳು ಹೊದಿಕೆ ಮಾತ್ರ ಉಳಿದಿತ್ತು, ಗುಜರಿಯ ಪಟ್ಟಿಯಲ್ಲಿ ಅದನ್ನು ಬರೆಯಲು ಮರೆತಿದ್ದರಂತೆ. ಸಾಹೇಬರು ಸುರಂಗ ದಾಟಿದ ಮುಂದಿನ ಕೋಣೆಯಲ್ಲಿದ್ದಾಗ ಗುಜರಿಯವನು ಬಂದು ಪ್ಲಗ್ ಕಿತ್ತಿದ್ದ. ಅವರು ಆ ದುಃಖದಲ್ಲಿದ್ದಾಗಲೇ ನನ್ನ ವರದಿ ಮುಂದಿಟ್ಟೆ.

"ರದ್ದಾದ ಬಾವಿಯನ್ನು ಮತ್ತೆ ಜೀವಂತ ಮಾಡುವ ನಮೂನೆ ನಮ್ಮಲ್ಲಿಲ್ಲ," ಎಂದರು. ಅದು ನಿಜ. ಬಾವಿಯನ್ನು ಕೊಲ್ಲಲು ನಮೂನೆ ಇತ್ತು, ಹೊಸದಾಗಿ ಹುಟ್ಟಿಸಲು ಇತ್ತು, ತಪ್ಪಾಯಿತು ಎನ್ನಲು ಇರಲಿಲ್ಲ. ಹಾಗಾದರೆ ಹುಟ್ಟಿಸೋಣ ಎಂದೆ. ಅದೇ ಜಾಗದಲ್ಲಿ ಹೊಸ ಬಾವಿ, ನಂಬರು ನೂರಾ ಹನ್ನೆರಡು. ಸಾಹೇಬರು ಪೆನ್ನು ತೆಗೆದು, "ಆ ದೀಪದ ಉಪಾಯ ಮೊದಲೇ ಹೇಳಬಹುದಿತ್ತು," ಎಂದು ಸಹಿ ಹಾಕಿದರು.

ಶನಿವಾರ ರಜೆಯಿದ್ದರೂ ಪಗಾರೆ ಸ್ವಂತ ಸೈಕಲ್ಲಿನಲ್ಲಿ ಹೋಗಿ ಹಳದಿ ಬಣ್ಣ ಬಳಿದು ಬಂದ. ಹಳೇ ನಂಬರಿನ ಪಕ್ಕ ಹೊಸ ನಂಬರು, ಅದರ ಕೆಳಗೆ ಸರ್ಕಾರಿ ಬಾವಿ, ಮುಟ್ಟಿದರೆ ದಂಡ ಎಂದು ಮರಾಠಿಯಲ್ಲಿ. ಸೋಮವಾರ ಟ್ರಕ್ಕುಗಳು ಬಂದು ನಿಂತವು. ಬಿಲ್ಡರನ ಮ್ಯಾನೇಜರ್ ಕಚೇರಿಗೆ ಫೋನ್ ಹಚ್ಚಿ ಕೂಗಾಡಿದ. ಮಿಶ್ರಾ ಸಾಹೇಬರು, "ರೆಕಾರ್ಡ್ ಮೇಂ ಹೈ," ದಾಖಲೆಯಲ್ಲಿದೆ, ಎಂದು ಮೂರೇ ಪದದಲ್ಲಿ ಮುಗಿಸಿದರು. ಆ ಮೂರು ಪದದ ಶಕ್ತಿಯನ್ನು ಒಳ್ಳೆಯದಕ್ಕೆ ಬಳಸಿದ್ದನ್ನು ನಾನು ಆ ಒಂದು ಸಲ ಕಂಡೆ. ಟ್ರಕ್ಕುಗಳು ಮಣ್ಣು ಸುರಿಯದೆ ತಿರುಗಿ ಹೋದವು.

ನಕ್ಷೆಯಲ್ಲಿ ನಲವತ್ತೇಳರ ಕಾಟನ್ನು ಅಳಿಸುವ ಹಾಗಿರಲಿಲ್ಲ, ಅದಕ್ಕೆ ಸಹಿಯಾಗಿತ್ತು. ಅದರ ಪಕ್ಕ ಕೂದಲೆಳೆ ಜಾಗದಲ್ಲಿ ನೂರಾ ಹನ್ನೆರಡರ ಸೊನ್ನೆ ಕೂರಿಸಿದೆ. ಮುಂದೆ ಬಂದ ಒಬ್ಬ ಹೊಸ ವಿಜ್ಞಾನಿ, ಇಷ್ಟು ಹತ್ತಿರದ ಎರಡು ಬಾವಿಗಳಲ್ಲಿ ಒಂದು ಸತ್ತು ಇನ್ನೊಂದು ತುಂಬಿರುವುದು ಭೂಗರ್ಭದ ವಿಸ್ಮಯ ಎಂದು ಹಲುಬುತ್ತಿದ್ದ. ವಿಸ್ಮಯ ಇದ್ದದ್ದು ಭೂಗರ್ಭದಲ್ಲಲ್ಲ ಎಂದು ನಾನು ಹೇಳಲಿಲ್ಲ.

ಎರಡು ವರ್ಷಕ್ಕೆ ಅಪಾರ್ಟ್‌ಮೆಂಟ್ ಮುಗಿಯಿತು. ಕಟ್ಟಿದವರನ್ನು ಯಾರು ಅಲ್ಲಿ ಇಟ್ಟುಕೊಳ್ಳುತ್ತಾರೆ? ಶೆಡ್ಡುಗಳನ್ನು ಕಿತ್ತರು. ಔರಂಗಾಬಾದಿನ ಕಡೆ ಹೋದರು ಎಂದು ಒಬ್ಬ, ಪುಣೆಗೆ ಎಂದು ಇನ್ನೊಬ್ಬ. ಶಾಂತವ್ವನನ್ನು ಮತ್ತೆ ನೋಡಲಿಲ್ಲ. ಅವಳು ಹೋದ ಮೇಲೆ ಕಚೇರಿಯ ಬಾಗಿಲಲ್ಲಿ ಕುಡಿಯುವ ನೀರಿಗೆ ನಳವಿರುವ ಒಂದು ಮಣ್ಣಿನ ಹರವಿ ಇಡಿಸಬೇಕೆಂದು ಬರೆದುಕೊಟ್ಟೆ. ಮೂರು ಅಂಗಡಿಯ ದರಪಟ್ಟಿ ತರಲು ಹೇಳಿದರು. ನಾನೇ ಒಂದನ್ನು ತಂದು ಇಟ್ಟೆ. ನಿವೃತ್ತಿಯ ದಿನ ಭಾಷಣದಲ್ಲಿ ನನ್ನ ಮುತ್ತಿನಂಥ ಅಕ್ಷರವನ್ನು ಎಲ್ಲರೂ ಹೊಗಳಿದರು, ಹರವಿಯ ಸುದ್ದಿ ಯಾರೂ ಎತ್ತಲಿಲ್ಲ.

ನಿವೃತ್ತಿಯಾಗಿ ಎರಡು ವರ್ಷಕ್ಕೆ ಕುಲಕರ್ಣಿಯವರ ಫೋನ್ ಬಂತು. ಅವರೂ ಮನೆಯಲ್ಲಿದ್ದರು. ಟ್ರಂಕಿನ ತಳದಲ್ಲಿ ಆಟದ ಫ್ಲಾಪಿ ಸಿಕ್ಕಿತ್ತು, ಅವರ ಅಳಿಯ ಹೇಗೋ ಅದನ್ನು ಹೊಸ ಲ್ಯಾಪ್‌ಟಾಪಿಗೆ ಏರಿಸಿಕೊಟ್ಟಿದ್ದ. ಎಸ್‌ಟಿ ಬಸ್ಸಿನಲ್ಲಿ ಅದನ್ನು ಎದೆಗವಚಿಕೊಂಡು ನಾಶಿಕಕ್ಕೆ ಬಂದರು. ಜೊತೆಗೆ ಲ್ಯಾಮಿನೇಟ್ ಮಾಡಿದ ನನ್ನ ನಕ್ಷೆ. ಮೂಲ ಹಾಳೆ ನನ್ನಲ್ಲೇ ಇತ್ತು. ಚುರುಮುರಿ, ಚಹಾ ಮುಂದಿಟ್ಟುಕೊಂಡು ಬೆಳಿಗ್ಗೆ ಹತ್ತಕ್ಕೆ, ಕಚೇರಿಯ ಸಮಯಕ್ಕೆ ಸರಿಯಾಗಿ ಕೂತೆವು.

ಹೊಸ ಪರದೆಯಲ್ಲಿ ಆ ಹಸಿರು ಗೆರೆಗಳು ಬಡಕಲಾಗಿ ಕಂಡವು. ಇಷ್ಟಕ್ಕಾಗಿ ವರ್ಷಗಟ್ಟಲೆ ಊಟದ ಬಿಡುವು ಕೊಟ್ಟೆವೇ ಅನಿಸಿತು. ಆದರೂ ಬೆರಳಿಗೆ ದಾರಿ ಗೊತ್ತಿತ್ತು. ಅಂಗಳಕ್ಕೆ ಬಂದು ಕಲ್ಲು ಸರಿಸಿ ಮೆಟ್ಟಿಲು ಇಳಿದೆ. ಕುಲಕರ್ಣಿಯವರು ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡರು.

ಕೆಳಗೆ ಮೊಹರು ಇರಲಿಲ್ಲ. 'ಇಲ್ಲಿ ನೀರಿದೆ. ಒಂದು ತಂಬಿಗೆ ಇದೆ,' ಅಷ್ಟೇ.

"ಹೋ! ಮುಗೀತು, ಏನೂ ಇಲ್ಲ. ಹಿಂದಿನವರು ಬರದದ್ದ ಖರೆ ನೋಡ್ರಿ," ಎಂದು ಅವರು ಕುರ್ಚಿಗೆ ಒರಗಿದರು.

ನಾನು ತಂಬಿಗೆ ತುಂಬಿಸಿಕೊಂಡು ಮೇಲೆ ಬಂದೆ. ಅಂಗಳ, ಪಡಸಾಲೆ, ಆನೆಯ ಲಾಯ ದಾಟಿ ಹಿಂದಕ್ಕೆ ನಡೆದೆ. ಎಲ್ಲಿಗೆ ಹೊರಟಿರಿ ಎಂದು ಅವರು ಕೇಳುತ್ತಲೇ ಇದ್ದರು. ಕೋಟೆಯ ಮೊದಲ ಬಾಗಿಲಿಗೆ ಬಂದು ನಿಂತು ಟೈಪ್ ಮಾಡಿದೆ: ನೀರು ಕೊಡು.

'ಮುದುಕಿ ನೀರು ಕುಡಿಯುತ್ತಾಳೆ. ಸೆರಗಿನ ಗಂಟು ಬಿಚ್ಚಿ ರಾಣಿಯ ಮೊಹರನ್ನು ನಿನ್ನ ಕೈಯಲ್ಲಿ ಇಡುತ್ತಾಳೆ. ಆಟ ಮುಗಿಯಿತು.'

ಕುಲಕರ್ಣಿಯವರು ಬಗ್ಗಿ ಎರಡು ಸಲ ಓದಿದರು. "ಅಂದ್ರ ಇಕಿ ಕಡೇನ ಇತ್ತೇನ್ರಿ? ಬಾಗಲದಾಗ? ಅರವತ್ತೆರಡು ಕೋಣಿ ಸುಮ್ಮನ ಅಡ್ಡಾಡಿದ್ವಿ!" ಎಂದು ಕಣ್ಣಲ್ಲಿ ನೀರು ಬರುವ ಹಾಗೆ ನಗತೊಡಗಿದರು. ನನಗೂ ಕಣ್ಣಲ್ಲಿ ನೀರು ಬಂತು, ನಗು ಬರಲಿಲ್ಲ. ಗುರುವಾರದ ಬಿಸಿಲು, ಮೇಜಿನ ಮೇಲಿನ ತುಂಬಿದ ಬಾಟಲಿ, ಹೊರಗೆ ನಳ ಐತಿ ಎಂದ ನನ್ನ ದನಿ, ಎಲ್ಲ ಒಮ್ಮೆಲೇ ಬಂದವು. ಅಳು ಎಂದು ಅವರಿಗೆ ತಿಳಿಯದಿರಲಿ ಎಂದು ಎದ್ದುಹೋಗಿ ನನ್ನ ಹಳೇ ಪೆಟ್ಟಿಗೆ ತಂದೆ.

ಮೂಲ ಹಾಳೆಯನ್ನು ಮೇಜಿನ ಮೇಲೆ ಹರಡಿ, ಅರ್ಧ ಬ್ಲೇಡು ತೆಗೆದೆ. ಈ ನಕ್ಷೆಗೆ ಯಾರ ಸಹಿಯೂ ಇರಲಿಲ್ಲ. ಬಾವಿಯ ಮೇಲಿನ ಕಾಟು ನಾಲ್ಕೈದು ಎಳೆತಕ್ಕೆ ಹೋಯಿತು. ಮುದುಕಿಯ ಪಕ್ಕದ 'ಉಪಯೋಗವಿಲ್ಲ' ಎಂಬುದನ್ನು ಕೆರೆಯಲು ಮಾತ್ರ ಮಧ್ಯಾಹ್ನವಾಯಿತು. ಅಷ್ಟು ಚೆನ್ನಾಗಿ ಬರೆದಿದ್ದೆ.